ಕೋತಿ ಎಡಚನಾ? ಎಣಿಸಿ ನೋಡುವುದು ಹೀಗೆ

ಮೊದಲು ಒಂದೇ ಕೋತಿಯನ್ನು ಹಿಡಿದುಕೊಳ್ಳಿ, ಅಂದರೆ ಕಣ್ಣಲ್ಲಿ. ಗುಂಪನ್ನೆಲ್ಲ ಒಟ್ಟಿಗೆ ನೋಡಹೋದರೆ ತಲೆ ಕೆಡುತ್ತದೆ. ಕಿವಿ ಹರಿದದ್ದೋ ಬಾಲ ಮೊಂಡಾದದ್ದೋ ಆದರೆ ಗುರುತು ಸುಲಭ. ಚಾಮುಂಡಿ ಬೆಟ್ಟದಂಥ ಕಡೆ ಕೂತರೆ, ನಡು ಬೈತಲೆ ತೆಗೆದಂತೆ ಕೂದಲಿರುವ ನಮ್ಮ ಮಾಮೂಲಿ ಕೋತಿ ಎದುರೇ ಸಿಗುತ್ತದೆ. ತಿಂಡಿ ಮಾತ್ರ ಕೊಡಬೇಡಿ. ನೀವು ಯಾವ ಕಡೆಯಿಂದ ಚಾಚಿದಿರೋ ಆ ಕಡೆ ಕೈಯೇ ಮುಂದೆ ಬರಬಹುದು, ಲೆಕ್ಕವೂ ಕೆಟ್ಟಿತು, ಕೋತಿಯೂ ಕೆಟ್ಟಿತು.

ಅದು ನಿಮ್ಮತ್ತ ಮುಖ ಮಾಡಿ ಕೂತಿದ್ದರೆ ನಿಮ್ಮ ಬಲಕ್ಕಿರುವುದು ಅದರ ಎಡಗೈ. ಗೊತ್ತಿರುವ ವಿಷಯವೇ, ಆದರೂ ಬರೆಯುವಾಗ ತಪ್ಪುತ್ತದೆ.

ಇನ್ನು ಏನನ್ನು ಎಣಿಸಬೇಕು ಅನ್ನುವುದೇ ಮುಖ್ಯ. ಸುಮ್ನೆ ನೆಲದಿಂದ ಕಾಳು ಎತ್ತುವುದಕ್ಕೆ ಹತ್ತಿರವಿರುವ ಕೈ ಸಾಕು, ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಎರಡೂ ಕೈ ಬೇಕಾದ ಕೆಲಸ ಹುಡುಕಿ: ಹುಣಸೆಕಾಯಿ ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಸಿಪ್ಪೆ ಬಿಡಿಸುವುದು, ಒಂದು ಕೈಯಲ್ಲಿ ಕೂದಲು ಸರಿಸಿ ಇನ್ನೊಂದರಲ್ಲಿ ಹೇನು ಹೆಕ್ಕುವುದು. ವಿಜ್ಞಾನಿ ವಿಲಿಯಂ ಹಾಪ್ಕಿನ್ಸ್ ಚಿಂಪಾಂಜಿಗಳಿಗೆ ಕಡಲೆಕಾಯಿ ಬೆಣ್ಣೆ ಸವರಿದ ಕೊಳವೆ ಕೊಟ್ಟದ್ದು ಇದಕ್ಕೇ, ಒಂದು ಕೈ ಹಿಡಿಯಲೇಬೇಕು, ಇನ್ನೊಂದು ಒಳಗೆ ಬೆರಳು ಹಾಕಲೇಬೇಕು. ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಮತ್ತು ಜೊತೆಗಾರರು ನಮ್ಮ ಕೋತಿಗಳಲ್ಲೇ ನೋಡಿದ್ದಾರೆ: ನಾಜೂಕಿನ ಕೆಲಸಕ್ಕೆ ಒಂದು ಕೈ, ಬಲ ಹಾಕುವುದಕ್ಕೆ ಇನ್ನೊಂದು. ನಾವು ತೆಂಗಿನಕಾಯಿ ತುರಿಯುವಾಗಲೂ ಹಾಗೇ ಅಲ್ವಾ?

ಕೂತಿತ್ತೋ, ಕೊಂಬೆಗೆ ನೇತಾಡುತ್ತಿತ್ತೋ ಅದನ್ನೂ ಬರೆದಿಡಿ. ಭಂಗಿ ಬದಲಾದರೆ ಕೈಯೂ ಬದಲಾಗಬಹುದು. ಒಂದು ಕೈ ಕೊಂಬೆ ಹಿಡಿದು ಮೈ ತಡೆದುಕೊಳ್ಳುವುದರಿಂದಲೇ ಕೈಗಳ ಕೆಲಸ ಹಂಚಿಕೆಯಾಯಿತು ಅಂತ ಮ್ಯಾಕ್ನೀಲೇಜ್ ಮತ್ತಿತರ ವಿಜ್ಞಾನಿಗಳು 1987ರಲ್ಲೇ ವಾದಿಸಿದ್ದರು. ತಾಯಿ ಕೋತಿ ಮರಿಯನ್ನು ತಬ್ಬಿಕೊಂಡಿದ್ದರೆ ಆ ಕೈ ಬಿಡುವಿಲ್ಲ, ಅದನ್ನು ಎಣಿಸಬೇಡಿ.

ಕೂತಲ್ಲೇ ಹತ್ತು ಕಾಯಿ ಬಿಡಿಸಿದರೂ ಒಂದೇ ಲೆಕ್ಕ. ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಶುರು ಮಾಡಿದರೆ ಎರಡನೆಯದು. ಹೀಗೆ 50 ಆಗಲಿ. 27-23 ಬಂದರೆ ಏನೂ ಇಲ್ಲ, ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಒಂದು ಕೈ 32 ಮುಟ್ಟಿದರೆ ಆಗ ನಂಬಬಹುದು. ಬಲದಿಂದ ಎಡ ಕಳೆದು ಒಟ್ಟು ಸಂಖ್ಯೆಯಿಂದ ಭಾಗಿಸಿ: +1 ಅಂದರೆ ಪೂರ್ತಿ ಬಲಗೈ, -1 ಅಂದರೆ ಅಪ್ಪಟ ಎಡಚ.

ಒಂದು ಕೋತಿ ಎಡಚ ಆದರೆ ಗುಂಪೆಲ್ಲ ಎಡಚ ಅಂದುಕೊಳ್ಳಬೇಡಿ. ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಬಲಗೈಯವರು, ಕೋತಿಗಳಲ್ಲಿ ಅಂಥ ಒಮ್ಮತ ಕಾಣುವುದು ಕಡಿಮೆ. ಹಾಂ, ಕರೆಂಟ್ ತಂತಿ ತಗುಲಿ ಕೈ ಊನವಾದ ಕೋತಿಗಳು ಊರ ಕಡೆ ಇರುತ್ತವೆ, ಅವನ್ನು ಪಟ್ಟಿಯಿಂದ ಬಿಟ್ಟುಬಿಡಿ.