ನೆರೆ ಇಳಿದ ಮೇಲೆ ‘ಪವಾಡ’ ಪರೀಕ್ಷಿಸುವುದು ಹೇಗೆ?

ಭೀಮಾ ನದಿ ತುಂಬಿ ಇಳಿದ ಮರುದಿನವೇ ಸುದ್ದಿ ಹಬ್ಬುತ್ತದೆ: ಊರೆಲ್ಲ ಮುಳುಗಿತು, ಗುಡಿಗೆ ಮಾತ್ರ ನೀರು ತಾಗಲಿಲ್ಲ. ಮೊದಲು ಫೋಟೊ ಯಾವ ವರ್ಷದ್ದು ನೋಡಿ. 2020ರ ಅಕ್ಟೋಬರ್ ನೆರೆಯ ಚಿತ್ರಗಳು ಈಗಲೂ ತಿರುಗಿ ಬರಬಹುದು.

ಆಮೇಲೆ ಅಳತೆ. ಗೌಂಡಿಗಳ ಲೆವೆಲ್ ಪೈಪ್ ಸಾಕು: ನೀರು ತುಂಬಿದ ಪಾರದರ್ಶಕ ಕೊಳವೆ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪಕ್ಕದ ಮನೆಗಳ ಗೋಡೆಯ ಮೇಲಿನ ರಾಡಿ ಗೆರೆಗೆ ಒಂದು ತುದಿ, ಗುಡಿಯ ಹೊಸ್ತಿಲಿಗೆ ಇನ್ನೊಂದು ತುದಿ ಹಿಡಿಯಿರಿ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ. ಮಳೆ ಬಂದು ಗೆರೆ ತೊಳೆದುಹೋಗುವ ಮುಂಚೆ, ಕನಿಷ್ಠ ಮೂರು ಗೋಡೆಗಳಲ್ಲಿ ಅಳೆಯಿರಿ. ಹೊಸ್ತಿಲು ಗೆರೆಗಿಂತ ಮೇಲಿದ್ದರೆ ಉತ್ತರ ಸಿಕ್ಕಿತು: ಕಟ್ಟೆ ಎತ್ತರ.

ಜನ ಎಡವುವುದು ಎಣಿಕೆಯಲ್ಲಿ. ಉಳಿದದ್ದನ್ನಷ್ಟೇ ಎಣಿಸಬೇಡಿ. ಹಾಳೆಯಲ್ಲಿ ನಾಲ್ಕು ಚೌಕ ಗೀಚಿ: ಉಳಿದ ಗುಡಿ-ದರ್ಗಾ, ಬಿದ್ದ ಗುಡಿ-ದರ್ಗಾ, ಉಳಿದ ಮನೆ, ಬಿದ್ದ ಮನೆ. ಎರಡನೆಯದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅದನ್ನು ನೀವೇ ಹುಡುಕಬೇಕು.

ಭೂಕಂಪವಾದರೆ ಗೋಡೆ ನೋಡಿ. 1993ರ ಸೆಪ್ಟೆಂಬರ್ 30ರಂದು ಬೀದರ್‌ನ ಆಚೆ ಬದಿಯ, ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪದಲ್ಲಿ ಜೀವ ತೆಗೆದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮಣ್ಣು ಹೇರಿದ ಭಾರದ ಮಾಳಿಗೆ. ಗುಡಿಸಲಲ್ಲಿ ಮಲಗಿದವರು ಬದುಕುವ ಸಾಧ್ಯತೆ ಹೆಚ್ಚಿತ್ತು. ಅವರ ಪುಣ್ಯವಲ್ಲ, ಚಾವಣಿ ಹಗುರ.

ಮನೆಯವರನ್ನು ಕಳೆದುಕೊಂಡವರು “ದೇವರೇ ನನ್ನ ಉಳಿಸ್ಯಾನ್ರಿ” ಎಂದರೆ ಅಳತೆ ಟೇಪು ತೆಗೆಯಬೇಡಿ. ಪ್ರಶ್ನೆ ಕೇಳಬೇಕಾದದ್ದು ಆ ಮಾತು ಹಿಡಿದು ಹುಂಡಿ ಇಡುವವರನ್ನು.