ಹುತ್ತರಿ ಗೆಣಸು ಕಾಫಿ ಲೋಟಕ್ಕಿಳಿದ ಬಗೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ‘ಯಾಮ್’ ಬೇಕು ಎಂದರೆ ಸುವರ್ಣಗೆಡ್ಡೆ ತೂಗಿ ಕೊಡುತ್ತಾರೆ. ‘ನೇರಳೆ ಬಣ್ಣದ ಗೆಣಸು’ ಎಂದರೆ ಸಿಪ್ಪೆ ಕೆಂಪಗಿರುವ ಮಾಮೂಲಿ ಸಿಹಿಗೆಣಸು ಚೀಲಕ್ಕೆ ಬೀಳುತ್ತದೆ. ‘ಅದಲ್ಲ, ಒಳಗೂ ನೇರಳೆ ಇರಬೇಕು’ ಎಂದು ಒತ್ತಿ ಹೇಳಿದರೆ ಬೀಟ್‌ರೂಟ್ ತೋರಿಸುತ್ತಾರೆ. ಹೋದ ವರ್ಷ ನವೆಂಬರ್‌ನಲ್ಲಿ ಒಂದೇ ಬೆಳಗ್ಗೆ ನನಗೆ ಈ ಮೂರೂ ಆದವು. ಬರಿಗೈಯಲ್ಲಿ ಬರಲು ಮನಸ್ಸಾಗದೆ ಮೂರನ್ನೂ ಕೊಂಡು ತಂದೆ. ಆ ವಾರವಿಡೀ ಮನೆಯಲ್ಲಿ ಗೆಡ್ಡೆ ಪಲ್ಯವೇ.

ನನ್ನದು ಕಾಲೇಜೊಂದರ ಹತ್ತಿರ ಆರು ಮೇಜಿನ ಚಿಕ್ಕ ಕಾಫಿ ಅಂಗಡಿ. ಫಿಲ್ಟರ್ ಕಾಫಿ, ಬೆಣ್ಣೆ ಬನ್, ನಿಪ್ಪಟ್ಟು, ಸಂಜೆಗೆ ಈರುಳ್ಳಿ ಬಜ್ಜಿ. ಇಷ್ಟರಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಈ ನೇರಳೆ ಹುಚ್ಚು ಹಿಡಿದದ್ದು ಬೆಂಗಳೂರಿನಲ್ಲಿ. ಅಕ್ಟೋಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಅವಳು ಇಂದಿರಾನಗರದ ಒಂದು ಕೆಫೆಗೆ ಕರೆದುಕೊಂಡು ಹೋಗಿ, ‘ಅಮ್ಮ, ನೀನು ಇದನ್ನು ಕುಡಿಯಲೇಬೇಕು’ ಎಂದು ಊಬೆ ಲಾಟೆ ತರಿಸಿದಳು. ಬೆಲೆ 320 ರೂಪಾಯಿ. ಕೆಳಗೆ ಗಾಢ ನೇರಳೆ, ಮಧ್ಯೆ ಬಿಳಿ, ಮೇಲೆ ನೊರೆ. ಕುಡಿದರೆ ಬೇಯಿಸಿದ ಹಲಸಿನ ಬೀಜದ ಹಿಟ್ಟುಹಿಟ್ಟಾದ ರುಚಿ, ಅದರ ಬೆನ್ನಿಗೆ ವೆನಿಲಾದಂಥ ಒಂದು ಪರಿಮಳ. ಹಿಡಿಸಿತು. ಆದರೆ ಲೋಟ ತಳ ಕಂಡರೂ ಕಾಫಿ ಸಿಗಲಿಲ್ಲ. ವಿಚಾರಿಸಿದೆ. ಲಾಟೆ ಎಂದರೆ ಇಟಲಿಯವರ ಮಾತಿನಲ್ಲಿ ಹಾಲು, ಹಾಗಾಗಿ ಕಾಫಿ ಇರಲೇಬೇಕೆಂದಿಲ್ಲ ಎಂದು ಕೌಂಟರಿನ ಹುಡುಗ ಬಹಳ ಸಮಾಧಾನದಿಂದ ವಿವರಿಸಿದ. ಅವನು ಹೇಳಿದ್ದು ಸರಿಯೇ. ಆದರೂ ಕಾಫಿ ಬೆಳೆಯುವ ಜಿಲ್ಲೆಯಿಂದ ಹೋದವಳಿಗೆ 320 ರೂಪಾಯಿ ಕೊಟ್ಟು ಹಾಲು ಕುಡಿದು ಬಂದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು. ಇದನ್ನು ಕಾಫಿ ಹಾಕಿಯೇ ಮಾಡಬೇಕೆಂದು ಅಲ್ಲೇ ತೀರ್ಮಾನವಾಯಿತು.

ಊಬೆ ಎನ್ನುವುದು ಫಿಲಿಪೀನ್ಸಿನ ಹೆಸರು. ನೆಲದಡಿ ಬಲಿಯುವ, ಬಳ್ಳಿಯಾಗಿ ಮರಕ್ಕೆ ಹಬ್ಬುವ ಗೆಡ್ಡೆ ಅದು. ಅಲ್ಲಿಯವರು ಅದನ್ನು ಬೇಯಿಸಿ, ಹಿಸುಕಿ, ಹಾಲು ಸಕ್ಕರೆ ಹಾಕಿ ಗಟ್ಟಿಯಾಗುವವರೆಗೆ ಮಗುಚಿ ‘ಊಬೆ ಹಲಾಯಾ’ ಮಾಡುತ್ತಾರೆ. ನಮ್ಮ ಹಲ್ವದ ಅಣ್ಣನೋ ತಮ್ಮನೋ ಇರಬೇಕು ಎಂದುಕೊಂಡಿದ್ದೆ. ಆದರೆ ಹಲಾಯಾ ಎಂಬ ಹೆಸರು ಬಂದಿರುವುದು ಜೆಲ್ಲಿಗೆ ಸ್ಪ್ಯಾನಿಷರು ಹೇಳುವ ಮಾತಿನಿಂದಂತೆ. ಬೊಹೋಲ್ ಎಂಬ ದ್ವೀಪದಲ್ಲಿ ಈ ಗೆಡ್ಡೆ ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತಿಡುವ ರೂಢಿಯಿದೆ. ಕೆಳಗೆ ಬಿದ್ದ ಅನ್ನದ ಅಗುಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ ನನ್ನ ಅಜ್ಜಿ ಇದನ್ನು ಕೇಳಿದ್ದರೆ ಆ ಜನರನ್ನು ಮೆಚ್ಚಿಕೊಳ್ಳುತ್ತಿದ್ದರು.

ಬೆಂಗಳೂರಿನಲ್ಲಿ ಉಳಿದ ಮೂರು ದಿನ ಅದನ್ನೇ ಹುಡುಕಿದೆ. ವಿದೇಶಿ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು ಒಂದು ಪೊಟ್ಟಣ ಪುಡಿ, ಒಂದು ಪುಟ್ಟ ಸೀಸೆ ಎಸೆನ್ಸ್. ಚಿಕ್ಕಪೇಟೆಯ ಕಡೆ ಗುಜರಾತಿ ತಿಂಡಿ ಸಾಮಾನು ಮಾರುವವರೊಬ್ಬರು, ‘ಬೆಹೆನ್‌ಜಿ, ನಮ್ಮಲ್ಲಿ ಇದಕ್ಕೆ ಕಂದ್ ಎನ್ನುತ್ತೇವೆ, ಉಂಧಿಯು ಎಂಬ ತರಕಾರಿ ಪಲ್ಯಕ್ಕೆ ಹಾಕುತ್ತೇವೆ, ಚಳಿಗಾಲಕ್ಕೆ ಬನ್ನಿ’ ಎಂದರು. ಚಳಿಗಾಲದವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ಊರಿಗೆ ಬಂದವಳೇ ಎಸೆನ್ಸ್ ಸೀಸೆಯ ಮುಚ್ಚಳ ತೆಗೆದೆ. ನಾಲ್ಕು ಹನಿಗೆ ಒಂದು ಲೋಟ ಹಾಲು ಹೋಳಿ ಹಬ್ಬದ ನೀರಾಯಿತು. ವಾಸನೆ ಮಕ್ಕಳ ಚೂಯಿಂಗ್ ಗಮ್ಮಿನದು. ಕೆಫೆಗಳಲ್ಲಿ ಕಾಣುವ ಕಣ್ಣು ಕುಕ್ಕುವ ನೇರಳೆಯ ಬಹುಪಾಲು ಇಂಥ ಸೀಸೆಯದೇ ಎಂದು ಆಗ ತಿಳಿಯಿತು. ಕೈ ಒರೆಸಿದ ಬಟ್ಟೆ ಇವತ್ತಿಗೂ ಬಣ್ಣ ಬಿಟ್ಟಿಲ್ಲ. ಪುಡಿ ವಾಸಿ, ಗೆಡ್ಡೆಯ ರುಚಿ ಸ್ವಲ್ಪ ಇತ್ತು. ಆದರೆ ನಾಲಿಗೆಗೆ ಮರಳು ಮರಳು, ಲೋಟದ ತಳದಲ್ಲಿ ಕೆಸರು. ಹಸಿ ಗೆಡ್ಡೆಯೇ ಆಗಬೇಕೆಂದು ಮಾರುಕಟ್ಟೆಗೆ ಹೋದದ್ದು, ಸುವರ್ಣಗೆಡ್ಡೆ ಹೊತ್ತು ಬಂದದ್ದು ಇದಾದ ಮೇಲೆ.

ದಾರಿ ತೋರಿಸಿದವರು ಅತ್ತೆ. ಅವರ ತವರು ಕೊಡಗಿನ ಕೊಡ್ಲಿಪೇಟೆ ಕಡೆ. ಮೊಬೈಲ್‌ನಲ್ಲಿ ಲಾಟೆಯ ಚಿತ್ರ ತೋರಿಸಿದಾಗ ಅವರು ಮುಖ ಸಿಂಡರಿಸಿದ್ದರು. ಬಳ್ಳಿಯ ಸಮೇತ ಗೆಡ್ಡೆಯ ಚಿತ್ರ ತೋರಿಸಿದ್ದೇ ಕನ್ನಡಕ ಏರಿಸಿಕೊಂಡು, ‘ಇದು ಹುತ್ತರಿ ಗೆಣಸಲ್ಲವೇನಮ್ಮ? ಇದಕ್ಕೋಸ್ಕರ ಬೆಂಗಳೂರು ಸುತ್ತಿದೆಯಾ?’ ಎಂದರು. ಕೊಡಗಿನಲ್ಲಿ ಹೊಸ ಭತ್ತದ ಕದಿರು ತರುವ ಹುತ್ತರಿ ಹಬ್ಬಕ್ಕೆ ಈ ಗೆಣಸನ್ನು ಬೇಯಿಸಿ ಬೆಲ್ಲ, ತುಪ್ಪ, ಜೇನುತುಪ್ಪದ ಜೊತೆ ತಿನ್ನುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ತಿಂದಿದ್ದೆನಂತೆ. ನನಗೆ ನೆನಪಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ ನೆರೆಮನೆಯವರು ಇದು ಡಯಾಸ್ಕೋರಿಯಾ ಅಲಾಟಾ, ಊಬೆಯದೂ ಅದೇ ಜಾತಿ, ತಳಿ ಮಾತ್ರ ಬೇರೆ ಎಂದು ಖಾತ್ರಿಪಡಿಸಿದರು.

ಮುಂದಿನ ಶನಿವಾರ ಆಲೂರು ದಾರಿಯ ಬಸ್ ಹಿಡಿದು ಶನಿವಾರಸಂತೆಗೆ ಹೋದೆ. ಊರಿನ ಹೆಸರಲ್ಲೇ ವಾರವೂ ಸಂತೆಯೂ ಇರುವಾಗ ದಿನ ತಪ್ಪುವ ಹಾಗಿಲ್ಲ. ಮಣ್ಣು ಮೆತ್ತಿದ, ಕಂದು ಸಿಪ್ಪೆಯ, ಹೊರಗಿನಿಂದ ನೋಡಿದರೆ ಯಾರೂ ಮುಟ್ಟದ ಹಾಗಿರುವ ಗೆಡ್ಡೆಗಳು ಗೋಣಿಯ ಮೇಲೆ ಬಿದ್ದಿದ್ದವು. ಕೆಲವು ಪಾದದ ಆಕಾರ, ಕೆಲವು ಹೆಬ್ಬಾವಿನ ಮರಿ. ಎಲ್ಲವೂ ಒಳಗೆ ನೇರಳೆ ಇರುವುದಿಲ್ಲ. ಕೆಲವು ಪೂರಾ ಬಿಳಿ, ಕೆಲವಕ್ಕೆ ಸಿಪ್ಪೆಯ ಕೆಳಗೆ ಮಾತ್ರ ಬಣ್ಣದ ಅಂಚು. ಮಾರುತ್ತಿದ್ದ ಹೆಂಗಸು ಒಂದೊಂದನ್ನೂ ಎತ್ತಿ ಉಗುರಿನಿಂದ ಆಳವಾಗಿ ಕೆರೆದು ತೋರಿಸಿ, ‘ಅಕ್ಕ, ಇದು ಹಬ್ಬದ್ದು, ಇದು ಸಾರಿನದ್ದು’ ಎಂದು ಬೇರೆ ಮಾಡಿಕೊಟ್ಟರು. ನೀವು ಕೊಳ್ಳುವುದಾದರೆ ನೀವೂ ಕೆರೆಯಲು ಹೇಳಿ, ಸಂಕೋಚ ಬೇಡ. ಕಿಲೋಗೆ 60 ರೂಪಾಯಿಯಂತೆ ನಾಲ್ಕು ಕಿಲೋ ತಂದೆ.

ಇಲ್ಲಿಂದ ನನ್ನ ಪೆದ್ದುತನದ ಪಟ್ಟಿ ಶುರು. ಮೊದಲನೆಯ ಸಲ ಆಲೂಗೆಡ್ಡೆಯ ಹಾಗೆ ಸಿಪ್ಪೆ ತೆಗೆದು, ತುಂಡು ಮಾಡಿ, ನೀರಲ್ಲಿ ಕುದಿಸಿದೆ. ಸಿಪ್ಪೆ ತೆಗೆಯುವಾಗಲೇ ಮೊಣಕೈವರೆಗೆ ತುರಿಕೆ. ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಹಸಿ ಗೆಡ್ಡೆಗೆ ಕೈ ಹಾಕಬೇಡಿ, ಹಸಿಯಾಗಿ ನಾಲಿಗೆಗಂತೂ ಇಟ್ಟುಕೊಳ್ಳಲೇಬೇಡಿ. ಕುದಿದ ಮೇಲೆ ನೋಡಿದರೆ ಬಣ್ಣವೆಲ್ಲ ನೀರಿಗೆ ಇಳಿದಿತ್ತು, ಹೋಳುಗಳು ಬೂದಿ ಬಳಿದ ಹಾಗಿದ್ದವು. ಈ ನೇರಳೆ ನೀರಿನಲ್ಲಿ ಕರಗುವ ಬಣ್ಣ. ಅದೂ ಅಲ್ಲದೆ ಹುಳಿ ತಾಗಿದರೆ ಕೆಂಪಿಗೆ, ಕ್ಷಾರ ತಾಗಿದರೆ ನೀಲಿಗೆ, ಇನ್ನೂ ಹೆಚ್ಚಾದರೆ ಹಸಿರಿಗೆ ತಿರುಗುವ ಜಾತಿ. ನಮ್ಮ ಬೀದಿಯ ಕೊಳವೆ ಬಾವಿಯ ನೀರಿನಲ್ಲಿ ಬೇಳೆಯೇ ನೆಟ್ಟಗೆ ಬೇಯುವುದಿಲ್ಲ, ಈ ಬಣ್ಣ ನಿಲ್ಲುವುದೆಲ್ಲಿ?

ಎರಡನೆಯ ಸಲ ಜಾಣೆಯಾದೆ ಎಂದುಕೊಂಡು, ಹುಳಿ ತಾಗಿದರೆ ಬಣ್ಣ ಏರುತ್ತದಲ್ಲ ಎಂದು ಹಿಸುಕಿದ ಗೆಣಸಿಗೆ ಅರ್ಧ ನಿಂಬೆಹಣ್ಣು ಹಿಂಡಿದೆ. ಬಣ್ಣ ಏರಿದ್ದು ನಿಜ, ಸೊಗಸಾದ ಗುಲಾಬಿ ಮಿಶ್ರಿತ ನೇರಳೆ. ಅದಕ್ಕೆ ಬಿಸಿ ಹಾಲು ಸುರಿದೆ, ಒಡೆಯಿತು. ಅತ್ತೆ ಇಣುಕಿ ನೋಡಿ ಏನೂ ಹೇಳದೆ ಒಳಗೆ ಹೋದರು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಮೂರನೆಯ ಸಲ ಬಣ್ಣ ನಿಂತಿತು. ಹಾಲಿಗೆ ಗೆಣಸನ್ನು ಧಾರಾಳವಾಗಿ ಹಾಕಿ ಚೆನ್ನಾಗಿ ಕಡೆದು ಸಂಜೆಯ ಗಿರಾಕಿಗಳಿಗೆ ಪುಕ್ಕಟೆ ಕೊಟ್ಟೆ. ಹುಡುಗಿಯೊಬ್ಬಳು ಎರಡು ಗುಟುಕು ಕುಡಿದು, ಸ್ವಲ್ಪ ಹೊತ್ತು ಮೊಬೈಲ್ ನೋಡಿ, ಮತ್ತೆ ಲೋಟ ಎತ್ತಿದವಳು ಕೇಳಿದಳು: ‘ಆಂಟಿ, ಇದಕ್ಕೆ ಚಮಚ ಕೊಡುವುದಿಲ್ಲವೇ?’ ಗೆಣಸಿನ ಪಿಷ್ಟ ಹಾಲಿನಲ್ಲಿ ಕುಳಿತು ರಾಗಿ ಅಂಬಲಿಯಂತಾಗಿತ್ತು.

ಈಗ ನಾನು ಮಾಡುವ ಕ್ರಮ ಹೀಗಿದೆ. ಗೆಣಸನ್ನು ಮಣ್ಣು ಹೋಗುವಂತೆ ತೊಳೆದು, ಸಿಪ್ಪೆ ಸಮೇತ ದೊಡ್ಡ ತುಂಡುಗಳಾಗಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುತ್ತೇನೆ. ಮುಕ್ಕಾಲು ಗಂಟೆ ಬೇಕು, ಚಾಕು ಬೆಣ್ಣೆಗೆ ಇಳಿದ ಹಾಗೆ ಇಳಿಯಬೇಕು. ಬೆಂದ ಮೇಲೆ ಸಿಪ್ಪೆ ತಾನೇ ಸುಲಿಯುತ್ತದೆ, ತುರಿಕೆಯ ಕಾಟವೂ ಇಲ್ಲ. ಬಿಸಿ ಇರುವಾಗಲೇ ಹಿಸುಕಿ ಜರಡಿಯಲ್ಲಿ ತಿಕ್ಕಬೇಕು. ಇದೊಂದು ಕೆಲಸದಲ್ಲಿ ಸೋಮಾರಿತನ ಮಾಡಿದರೆ ಆಮೇಲೆ ನಾರು ಹಲ್ಲಿಗೆ ಸಿಗುತ್ತದೆ. ಹೀಗೆ ತಿಕ್ಕಿದ ಅರ್ಧ ಕಿಲೋ ಗೆಣಸಿಗೆ ಒಂದು ಲೋಟ, ಎಂದರೆ 200 ಮಿಲಿಲೀಟರ್ ಗಟ್ಟಿ ತೆಂಗಿನ ಹಾಲು, 200 ಗ್ರಾಂ ಕಂಡೆನ್ಸ್‌ಡ್ ಮಿಲ್ಕ್, ಎರಡು ಚಮಚ ಬೆಣ್ಣೆ, ಒಂದು ಚಿಟಿಕೆ ಉಪ್ಪು. ತುಪ್ಪ ಹಾಕಬೇಡಿ, ಹಾಕಿದರೆ ಮೈಸೂರುಪಾಕಿನ ವಾಸನೆಯೇ ಮೇಲಾಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ಮಗುಚಬೇಕು. ಅರ್ಧ ಗಂಟೆ ದಾಟಿದ ಮೇಲೆ ಅದು ಬಾಣಲೆಯ ಅಂಚು ಬಿಟ್ಟು ಒಂದೇ ಮುದ್ದೆಯಾಗಿ ಸುತ್ತತೊಡಗುತ್ತದೆ, ಹೊಳಪು ಬರುತ್ತದೆ. ಅಲ್ಲಿಗೆ ಇಳಿಸಬೇಕು. ಕೈ ಸೋತಿತೆಂದು ಮೊದಲೇ ಇಳಿಸಿದರೆ ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ. ಗೆಣಸನ್ನು ಹಾಲಿಗೆ ಬೆರೆಸುವ ಸಾಮಾನೆಂದು ನೋಡುವವರೆಗೆ ನನಗೆ ಅಂಬಲಿಯೇ ಸಿಕ್ಕಿತು. ಮೊದಲು ಹಲ್ವ ಮಾಡಿ, ಹಲ್ವವನ್ನು ಕಾಫಿಗೆ ಕರಗಿಸಬೇಕು.

ವೆನಿಲಾದ ವಿಷಯ ಹೇಳಬೇಕು. ನಮ್ಮ ಗೆಣಸಿನ ಪರಿಮಳ ಕೆಫೆಯಲ್ಲಿ ಕುಡಿದದ್ದರಷ್ಟು ಜೋರಾಗಿಲ್ಲ. ಸಕಲೇಶಪುರದ ಹತ್ತಿರ ನಮ್ಮ ನಂಟರ ತೋಟದಲ್ಲಿ, 2003-04ರ ಸುಮಾರಿಗೆ ವೆನಿಲಾಗೆ ಚಿನ್ನದ ಬೆಲೆ ಬಂದಾಗ ಎಲ್ಲರಂತೆ ನೆಟ್ಟು, ಬೆಲೆ ಕುಸಿದಾಗ ಎಲ್ಲರಂತೆ ಕೈಬಿಟ್ಟ ಬಳ್ಳಿಗಳಲ್ಲಿ ನಾಲ್ಕಾರು ಇನ್ನೂ ಉಳಿದಿವೆ. ಅವರು ಮನೆ ಖರ್ಚಿಗೆಂದು ಹದ ಮಾಡಿಟ್ಟ ಕೋಡುಗಳಲ್ಲಿ ಒಂದನ್ನು ಸೀಳಿ ತೆಂಗಿನ ಹಾಲಿನಲ್ಲಿ ನೆನೆಹಾಕುತ್ತೇನೆ. ಅರ್ಧ ಕೋಡು ಸಾಕು.

ಒಂದು ಕಿಲೋ ಗೆಣಸು ಸಿಪ್ಪೆ, ನಾರು ಕಳೆದು ಮುಕ್ಕಾಲು ಕಿಲೋ ಆಗುತ್ತದೆ. ಹಲ್ವವಾಗುವಾಗ ಮತ್ತೆ ಒಂದು ಕಿಲೋದ ಹತ್ತಿರ ಬರುತ್ತದೆ. ಲೋಟಕ್ಕೆ 40 ಗ್ರಾಂನಂತೆ ಇಪ್ಪತ್ತು ಚಿಲ್ಲರೆ ಲೋಟ. ಫ್ರಿಜ್ಜಿನಲ್ಲಿ ಐದಾರು ದಿನ ಇರುತ್ತದೆ. ಹೆಚ್ಚಾದದ್ದನ್ನು ಐಸ್ ಟ್ರೇಗೆ ತುಂಬಿ ಫ್ರೀಜರ್‌ನಲ್ಲಿಡುತ್ತೇನೆ.

ಕಾಫಿಯಲ್ಲೂ ಎಡವಿದ್ದೆ. ಅಂಗಡಿಯ ಮಾಮೂಲಿ ಪುಡಿಯಲ್ಲಿ ರೋಬಸ್ಟಾ ಹೆಚ್ಚು, ಮೇಲೆ ಚಿಕೋರಿ. ಅದರ ಡಿಕಾಕ್ಷನ್ ಬಿದ್ದರೆ ಗೆಣಸು ಇತ್ತೋ ಇಲ್ಲವೋ ತಿಳಿಯುವುದಿಲ್ಲ. ಚಿಕೋರಿ ಇಲ್ಲದ ಅರೇಬಿಕಾ, ಹದವಾಗಿ ಹುರಿದದ್ದು, ಮೊದಲ ಇಳುವರಿಯ ಗಟ್ಟಿ ಡಿಕಾಕ್ಷನ್ 35 ಮಿಲಿಲೀಟರ್. ಅದಕ್ಕಿಂತ ಒಂದು ಹನಿ ಹೆಚ್ಚು ಬೇಡ. 40 ಗ್ರಾಂ ಹಲ್ವವನ್ನು ಸ್ವಲ್ಪ ಬಿಸಿ ಹಾಲಿನಲ್ಲಿ ಕಡೆಗೋಲಿನಿಂದ ಗಂಟಿಲ್ಲದಂತೆ ಕಡೆದು ಲೋಟದ ತಳಕ್ಕೆ ಹಾಕಿ, ಮೇಲೆ 150 ಮಿಲಿಲೀಟರ್ ಹಾಲನ್ನು ಎತ್ತಿ ನೊರೆ ಬರಿಸಿ ಸುರಿದು, ಕೊನೆಗೆ ಡಿಕಾಕ್ಷನ್ನನ್ನು ಚಮಚದ ಬೆನ್ನ ಮೇಲಿನಿಂದ ನಿಧಾನವಾಗಿ ಬಿಡುತ್ತೇನೆ. ಸಕ್ಕರೆ ಬೇಡ, ಹಲ್ವದಲ್ಲಿದೆ. ಮಂಜುಗಡ್ಡೆ ಹಾಕಿ ತಣ್ಣಗೆ ಮಾಡಿದರೆ ಮೂರು ಪದರ ಚೆನ್ನಾಗಿ ನಿಲ್ಲುತ್ತವೆ, ಹುಡುಗರು ಫೋಟೋ ತೆಗೆಯುತ್ತಾರೆ, ಹೆಚ್ಚು ಹೋಗುವುದೂ ಅದೇ. ನನಗೆ ಬಿಸಿಯದೇ ಇಷ್ಟ. ತಣ್ಣಗಾದರೆ ಗೆಣಸಿನ ಪರಿಮಳ ಮಲಗಿಬಿಡುತ್ತದೆ.

ಬಿಸಿಯದರ ಬಣ್ಣ ಮಾತ್ರ ಯಾರನ್ನೂ ಮೆಚ್ಚಿಸುವಂಥದ್ದಲ್ಲ. ಕಲಕಿದ ಕೂಡಲೇ ನೇರಳೆಯೂ ಕಂದೂ ಸೇರಿ ಮಳೆಗಾಲದ ಹೇಮಾವತಿಯ ನೀರಿನಂತಾಗುತ್ತದೆ. ಇಬ್ಬರು ಮೂವರು ಮುಖದ ಮೇಲೆಯೇ ‘ಬೆಂಗಳೂರಿನಲ್ಲಿ ಹೀಗಿರುವುದಿಲ್ಲ’ ಎಂದರು. ಸೀಸೆ ಇನ್ನೂ ಕಪಾಟಿನಲ್ಲಿದೆ, ಎರಡು ಹನಿ ಹಾಕಿದರೆ ಈ ಮಾತು ನಿಲ್ಲುತ್ತದೆ ಎಂದು ಗೊತ್ತಿದೆ. ಒಂದು ಸಂಜೆ ಮುಚ್ಚಳ ತೆಗೆದೂ ಇದ್ದೆ. ಚೂಯಿಂಗ್ ಗಮ್ ವಾಸನೆ ಬಂತು, ಮುಚ್ಚಿಟ್ಟೆ. ಈಗ ಹಲಗೆಯ ಮೇಲೆ ‘ಹುತ್ತರಿ ಗೆಣಸಿನ ಕಾಫಿ, 70 ರೂಪಾಯಿ’ ಎಂದು ಬರೆದಿದ್ದೇನೆ. ಊಬೆ ಎಂದು ಬರೆದಿದ್ದಾಗ ಬಣ್ಣದ ಬಗ್ಗೆ ಕೇಳುತ್ತಿದ್ದವರು ಗೆಣಸಿನ ಕಾಫಿ ಎಂದ ಮೇಲೆ ಕೇಳುವುದು ಕಡಿಮೆಯಾಗಿದೆ.

ಒಳಗೂ ನೇರಳೆಯಾಗಿರುವ ಸಿಹಿಗೆಣಸಿನ ತಳಿಯೂ ಇದೆ, ತಿರುವನಂತಪುರದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕೊಟ್ಟ ‘ಭೂ ಕೃಷ್ಣ’. ಅದರಲ್ಲೂ ಒಮ್ಮೆ ಮಾಡಿ ನೋಡಿದೆ. ಬಣ್ಣ ಚೆನ್ನ, ಕೆಲಸ ಸುಲಭ. ಆದರೆ ಅದು ಬೇರೆಯೇ ಗಿಡ, ಸಿಹಿ ಹೆಚ್ಚು, ಆ ಹಲಸಿನ ಬೀಜದ ರುಚಿ ಅದಕ್ಕಿಲ್ಲ. ಹುತ್ತರಿ ಗೆಣಸು ಸಿಗದ ಊರಿನವರಿಗೆ ಪರವಾಗಿಲ್ಲ, ಕಂಡೆನ್ಸ್‌ಡ್ ಮಿಲ್ಕ್ ಅರ್ಧಕ್ಕೆ ಇಳಿಸಬೇಕು.

ಹುತ್ತರಿ ಗೆಣಸು ಸಿಗುವುದು ನವೆಂಬರ್‌ನಿಂದ ಫೆಬ್ರವರಿಯವರೆಗೆ. ಮಾರ್ಚ್ ಹೊತ್ತಿಗೆ ಸಂತೆಯಲ್ಲಿ ಉಳಿದವು ಮೊಳಕೆ ಕಾಣಿಸಿಕೊಂಡು ಒಳಗೆ ಬೆಂಡಾಗಿದ್ದವು. ನನ್ನ ಫ್ರೀಜರ್‌ನಲ್ಲಿ ಎರಡು ಟ್ರೇ ಮಾತ್ರ ಇತ್ತು. ಅಷ್ಟರಲ್ಲಿ ಅತ್ತೆ ನನಗೆ ತಿಳಿಯದೆ ಒಂದು ಕೆಲಸ ಮಾಡಿದ್ದರು. ನಾನು ಬೇಯಿಸಲು ತುಂಡು ಮಾಡುವಾಗಲೆಲ್ಲ ಗೆಡ್ಡೆಯ ತಲೆಯ ಭಾಗವನ್ನು ಅಂಗೈಯಗಲ ಉಳಿಸಿ, ಬೂದಿ ಹಚ್ಚಿ, ಹಿತ್ತಲ ಮೂಲೆಯಲ್ಲಿ ಒಣಹುಲ್ಲು ಮುಚ್ಚಿ ಇಟ್ಟಿದ್ದರು. ಹದಿನಾಲ್ಕು ತುಂಡು. ಅವರು ಇವತ್ತಿಗೂ ನನ್ನ ಗೆಣಸಿನ ಕಾಫಿಯನ್ನು ಬಾಯಿಗಿಟ್ಟಿಲ್ಲ, ಬೆಲ್ಲ ತುಪ್ಪದ ಜೊತೆ ತಿನ್ನುವುದನ್ನು ಲೋಟಕ್ಕೆ ಹಾಕಿ ಕೆಡಿಸಿದೆ ಎಂದೇ ಅವರ ಅಭಿಪ್ರಾಯ. ಆದರೂ ಮೇ ತಿಂಗಳ ಮೊದಲ ಮಳೆ ಬಿದ್ದ ಮರುದಿನ ಗುಂಡಿ ತೋಡಿಸಿ, ಸಗಣಿ ಗೊಬ್ಬರ ಹಾಕಿಸಿ ಎಲ್ಲವನ್ನೂ ನೆಡಿಸಿದರು. ಹನ್ನೊಂದು ಮೊಳೆತಿವೆ. ಬಳ್ಳಿ ಹತ್ತಲು ಹಿತ್ತಲಲ್ಲಿ ಇರುವುದು ಒಂದೇ ನುಗ್ಗೆ ಮರ. ಉಳಿದವು ಈಗಾಗಲೇ ಪಕ್ಕದ ಮನೆಯವರ ಗೋಡೆಯ ಮೇಲೇರಿ ಅವರ ಬಟ್ಟೆ ಒಣಹಾಕುವ ತಂತಿಯತ್ತ ಹೊರಟಿವೆ.