ಮೈಕ್ರೋಸರ್ವರ್ ಎನ್40ಎಲ್: ಮುಚ್ಚಿಟ್ಟ ಎರಡು ಸಾಟಾ ಪೋರ್ಟ್ ಬಿಡಿಸಿಕೊಂಡ ಬಗೆ

ಎಚ್‌ಪಿ ಪ್ರೋಲಯಂಟ್ ಮೈಕ್ರೋಸರ್ವರ್‌ನ ಹಳೆಯ ಮಾದರಿಗಳಾದ ಎನ್36ಎಲ್, ಎನ್40ಎಲ್, ಎನ್54ಎಲ್ ಈಗಲೂ ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುತ್ತವೆ. ಮನೆಯ ಫೈಲ್ ಸರ್ವರ್‌ಗೆ ಇವತ್ತಿಗೂ ಸಾಕು. ಮುಂದೆ ನಾಲ್ಕು 3.5 ಇಂಚಿನ ಡಿಸ್ಕ್ ಗೂಡು, ಮೇಲೆ ಡಿವಿಡಿ ಡ್ರೈವ್‌ಗೆ ಒಂದು ಜಾಗ, ಹಿಂದೆ ಹೊರಗಿನ ಡಿಸ್ಕ್ ಜೋಡಿಸಲು ಒಂದು ಇಸಾಟಾ ಪೋರ್ಟ್. ನೋಡುವವರಿಗೆ ಇದು ನಾಲ್ಕು ಡಿಸ್ಕ್‌ನ ಡಬ್ಬಿ. ಆದರೆ ಒಳಗಿರುವ ಎಎಂಡಿ ಎಸ್‌ಬಿ820ಎಂ ಚಿಪ್‌ನಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್‌ಗಳು ಆರು. ಡಿವಿಡಿಯದ್ದು ಮತ್ತು ಇಸಾಟಾದ್ದು ಆ ಕೊನೆಯ ಎರಡು. ಎಚ್‌ಪಿಯ ಬಯಾಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಮೂಲ ತಂತ್ರಾಂಶ) ಇವೆರಡನ್ನು ಹಳೆಯ ಐಡಿಇ ರೀತಿಯಲ್ಲಿ ಓಡಿಸುತ್ತದೆ, ಬದಲಾಯಿಸುವ ಮೆನುವನ್ನೂ ತೋರಿಸುವುದಿಲ್ಲ. ಹಾರ್ಡ್‌ವೇರ್ ಕೊರತೆ ಏನೂ ಇಲ್ಲ, ಅಡ್ಡ ನಿಂತಿರುವುದು ಬಯಾಸ್ ಒಂದೇ.

ಐಡಿಇ ರೀತಿಯಲ್ಲಿದ್ದರೆ ನಷ್ಟವೇನು? ವೇಗ ಕಡಿಮೆ. ಎನ್‌ಸಿಕ್ಯೂ ಇಲ್ಲ, ಅಂದರೆ ಡಿಸ್ಕ್ ಒಂದು ಸಲಕ್ಕೆ ಒಂದೇ ಕೋರಿಕೆ ತೆಗೆದುಕೊಳ್ಳುತ್ತದೆ. ಇಸಾಟಾ ಡಿಸ್ಕನ್ನು ಯಂತ್ರ ಓಡುತ್ತಿರುವಾಗ ಚುಚ್ಚಿ ತೆಗೆಯಲು ಬರುವುದಿಲ್ಲ. ನಿಮ್ಮ ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂದು ಲಿನಕ್ಸ್‌ನಲ್ಲಿ ನೋಡುವುದು ಸುಲಭ. ಬೂಟ್ ಲಾಗ್‌ನಲ್ಲಿ ಐದನೇ ಡಿಸ್ಕಿನ, ಅಂದರೆ ಡಿವಿಡಿ ಪೋರ್ಟ್‌ಗೆ ಜೋಡಿಸಿದ್ದರ, ಡ್ರೈವರ್ 'ಪಾಟಾ ಎಟಿಐಎಕ್ಸ್‌ಪಿ' ಎಂದಿದ್ದರೆ ಇನ್ನೂ ಐಡಿಇ. 'ಎಎಚ್‌ಸಿಐ' (ಐಡಿಇಯ ನಂತರ ಬಂದ ಹೊಸ ರೀತಿ) ಎಂದಿದ್ದರೆ ಬಿಡುಗಡೆಯಾಗಿದೆ.

ದಾರಿ ಒಂದೇ: ಮುಚ್ಚಿಟ್ಟ ಮೆನು ತೆರೆದಿರುವ, ಆಸಕ್ತರು ತಿದ್ದಿದ ಬಯಾಸ್ ಹಾಕುವುದು. ಈ ಯಂತ್ರಗಳ ಬಯಾಸ್ ಕುಟುಂಬದ ಹೆಸರು ಒ41. ಆನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ, ತಿದ್ದಿದ ಕಡತ ನಿಮ್ಮ ಮಾದರಿಗೆ ಹೊಂದುವುದೋ ಇಲ್ಲವೋ ಖಚಿತಪಡಿಸಿಕೊಂಡ ಮೇಲೆ ಮುಂದುವರಿಯಿರಿ. ಮೂಲ ಬಯಾಸ್ ಕಡತವನ್ನೂ ಇಳಿಸಿ ಬೇರೆ ಪೆನ್‌ಡ್ರೈವ್‌ನಲ್ಲಿ ಇಡಿ. ಇನ್ನೊಂದು ಮಾತು: ಬಯಾಸ್ ಓಡುವುದು ಆಪರೇಟಿಂಗ್ ಸಿಸ್ಟಮ್‌ಗಿಂತ ಕೆಳಗಿನ ಹಂತದಲ್ಲಿ. ಅಪರಿಚಿತರು ತಿದ್ದಿದ್ದನ್ನು ಹಾಕಿದ ಯಂತ್ರವನ್ನು ನೇರ ಇಂಟರ್‌ನೆಟ್‌ಗೆ ತೆರೆದಿಡಬೇಡಿ, ಮನೆಯ ರೂಟರ್‌ನ ಒಳಗೇ ಇರಲಿ.

ಬರೆಯುವ ಕೆಲಸ ಹೀಗೆ. ಡೇಟಾ ಡಿಸ್ಕ್‌ಗಳನ್ನೆಲ್ಲ ಹೊರಗೆಳೆಯಿರಿ. ಎಚ್‌ಪಿಯ ಬಯಾಸ್ ಪ್ಯಾಕೇಜ್‌ನಲ್ಲಿರುವ ಉಪಕರಣದಿಂದಲೇ ಬೂಟ್ ಆಗುವ ಪೆನ್‌ಡ್ರೈವ್ ಮಾಡಿ, ಅದರಲ್ಲಿರುವ ರೋಮ್ ಕಡತದ (ಬಯಾಸ್ ಇರುವ ಕಡತ) ಜಾಗಕ್ಕೆ ತಿದ್ದಿದ್ದನ್ನು ಹಾಕಿ. ಬ್ಯಾಚ್ ಫೈಲ್ ಒಳಗೆ ಬರೆದಿರುವ ಹೆಸರು ಮತ್ತು ಕಡತದ ಹೆಸರು ಅಕ್ಷರಕ್ಕಕ್ಷರ ಒಂದೇ ಇರಬೇಕು, ಇಲ್ಲದಿದ್ದರೆ ಬರೆಯುವ ಕೆಲಸವೇ ಶುರುವಾಗುವುದಿಲ್ಲ. ಯಂತ್ರ ಯುಪಿಎಸ್ ಮೇಲಿರಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ. ಆಮೇಲೆ ಬಯಾಸ್ ಚಿಪ್‌ಗೆ ಕ್ಲಿಪ್ ಹಾಕಿ ಹೊರಗಿನ ಪ್ರೋಗ್ರಾಮರ್‌ನಿಂದಲೇ ಬರೆಯಬೇಕಾದೀತು. ಆ ಕೆಲಸಕ್ಕೆ ಎಲ್ಲರೂ ಕೊಳ್ಳುವ ಅಗ್ಗದ ಸಿಎಚ್341ಎ ಬೋರ್ಡ್‌ಗಳಲ್ಲಿ ಕೆಲವು ಡೇಟಾ ತಂತಿಗಳಲ್ಲಿ 5 ವೋಲ್ಟ್ ಕೊಡುತ್ತವೆ. 3.3 ವೋಲ್ಟಿನ ಚಿಪ್‌ಗೆ ಅದು ಒಳ್ಳೆಯದಲ್ಲ, ಮೀಟರ್ ಹಿಡಿದು ನೋಡಿಯೇ ಜೋಡಿಸಿ.

ಬರೆದಾದ ಮೇಲೆ ಬಯಾಸ್‌ಗೆ ಹೋಗಿ ಮೊದಲು ಡಿಫಾಲ್ಟ್ ಲೋಡ್ ಮಾಡಿ ಉಳಿಸಿ. ಮತ್ತೆ ಒಳಗೆ ಹೋದರೆ ಹಿಂದೆ ಇಲ್ಲದಿದ್ದ ಚಿಪ್‌ಸೆಟ್ ಮೆನು ಕಾಣುತ್ತದೆ. ಅದರಲ್ಲಿ ಸೌತ್‌ಬ್ರಿಡ್ಜ್, ಅದರೊಳಗೆ ಸಾಟಾ ಕಾನ್ಫಿಗರೇಶನ್. ಇಲ್ಲಿ ಎರಡು ಬದಲಾವಣೆ: ಸಾಟಾ ಟೈಪ್ ಎಎಚ್‌ಸಿಐ ಇರಬೇಕು, 'ಸಾಟಾ ಐಡಿಇ ಕಂಬೈನ್ಡ್ ಮೋಡ್' ಡಿಸೇಬಲ್ ಆಗಬೇಕು. ಎರಡನೆಯದನ್ನು ಬಿಟ್ಟರೆ ಬಯಾಸ್ ಬದಲಿಸಿದ್ದೇ ವ್ಯರ್ಥ. ಐದನೇ ಡಿಸ್ಕ್ ಕಾಣುತ್ತದೆ, ಆದರೆ ಹಳೆಯ ಐಡಿಇ ನಿಯಂತ್ರಕದ ಕೆಳಗೇ ಉಳಿಯುತ್ತದೆ. ಡಿವಿಡಿ ಪೋರ್ಟ್‌ನಲ್ಲಿ ವಿಂಡೋಸ್ 7 ಮೊದಲೇ ಐಡಿಇ ರೀತಿಯಲ್ಲಿ ಇನ್‌ಸ್ಟಾಲ್ ಆಗಿದ್ದರೆ ಈ ಬದಲಾವಣೆಯ ನಂತರ 7ಬಿ ದೋಷದ ನೀಲಿ ಪರದೆ ಬರುತ್ತದೆ. ಬದಲಿಸುವ ಮುಂಚೆಯೇ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಸೇವೆಯ 'ಸ್ಟಾರ್ಟ್' ಮೌಲ್ಯ 0 ಮಾಡಿಟ್ಟರೆ ಬರುವುದಿಲ್ಲ. ಲಿನಕ್ಸ್‌ನಲ್ಲಿ ಆ ಗೋಳಿಲ್ಲ, ಆದರೆ ಡಿಸ್ಕ್‌ಗಳ ಅಕ್ಷರಕ್ರಮ ಅದಲುಬದಲಾಗುವುದರಿಂದ ಮೌಂಟ್ ಪಟ್ಟಿಯಲ್ಲಿ ಯುಯುಐಡಿ (ಬದಲಾಗದ ಗುರುತುಸಂಖ್ಯೆ) ಬಳಸಿರಬೇಕು.

ಅದೇ ಬಯಾಸ್‌ನಲ್ಲಿ 'ಡ್ರೈವ್ ರೈಟ್ ಕ್ಯಾಶ್' ಎಂಬುದೊಂದಿದೆ. ಇದು ಮೂಲ ಬಯಾಸ್‌ನಲ್ಲೂ ಇರುವಂಥದ್ದೇ, ಆದರೆ ಡಿಫಾಲ್ಟ್ ಆಗಿ ಆಫ್. 'ಓದುವುದು ಚೆನ್ನಾಗಿದೆ, ಬರೆಯುವುದು ಮಾತ್ರ ಆಮೆವೇಗ' ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಯುಪಿಎಸ್ ಇದ್ದರೆ ಆನ್ ಮಾಡಿ.

ಈಗ ವಿದ್ಯುತ್ತಿನ ಲೆಕ್ಕ. ಪೋರ್ಟ್ ಸಿಕ್ಕಿತೆಂದು ಆರೂ ಕಡೆ 3.5 ಇಂಚಿನ ಡಿಸ್ಕ್ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಎನ್40ಎಲ್‌ನ ಪವರ್ ಸಪ್ಲೈ 150 ವ್ಯಾಟ್‌ನದು. 3.5 ಇಂಚಿನ ಒಂದು ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್ ಎಳೆಯುತ್ತದೆ. ನಾಲ್ಕಕ್ಕೆ 96, ಆರಕ್ಕೆ 144. ಬೋರ್ಡಿಗೆ, ಫ್ಯಾನಿಗೆ ಉಳಿದದ್ದೇನು? ನಾಲ್ಕು ಗೂಡಿನಲ್ಲಿ ದೊಡ್ಡ ಡಿಸ್ಕ್, ಮೇಲಿನ ಜಾಗದಲ್ಲಿ ಎರಡು 2.5 ಇಂಚಿನ ಎಸ್‌ಎಸ್‌ಡಿ: ಇದು ಸರಿಯಾದ ಜೋಡಣೆ. ಒಂದರಲ್ಲಿ ಸಿಸ್ಟಮ್, ಇನ್ನೊಂದರಲ್ಲಿ ಅದರ ಮಿರರ್, ಅಂದರೆ ಪಡಿಯಚ್ಚು. ಎರಡನೆಯದಕ್ಕೆ ಹಿಂದಿನ ಇಸಾಟಾದಿಂದ ಇಸಾಟಾ–ಸಾಟಾ ಕೇಬಲ್ ಚುಚ್ಚಿ, ಖಾಲಿ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ನ ಪಟ್ಟಿ ತೆಗೆದು ಆ ಕಂಡಿಯಿಂದ ಒಳಗೆ ತರಬೇಕು. ಮಾಮೂಲಿ ಸಾಟಾ ಕೇಬಲ್ ಇಸಾಟಾದಲ್ಲಿ ಕೂರುವುದಿಲ್ಲ, ಬಾಯಿಯ ಆಕಾರವೇ ಬೇರೆ.

ಮೇಲಿನ ಜಾಗದಲ್ಲಿ ಡಿವಿಡಿಗೆಂದು ಇರುವ ನಾಲ್ಕು ಪಿನ್ನಿನ ಮೋಲೆಕ್ಸ್ ಒಂದೇ. ಅದರಿಂದ ಎರಡು ಸಾಟಾ ಪವರ್ ಮಾಡುವ ಕೇಬಲ್ ಕೊಳ್ಳುವಾಗ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಎರಕ ಹೊಯ್ದು ಅಚ್ಚು ಮಾಡಿದ ತುದಿಯಲ್ಲಿ ತಂತಿಗಳು ಒಳಗೆ ಹೇಗೆ ಕೂತಿವೆ ಎಂದು ಕಾಣುವುದಿಲ್ಲ. 12 ವೋಲ್ಟ್ ತಂತಿಯ ಒಂದೆಳೆ ಪಕ್ಕದ ಗ್ರೌಂಡ್ ಕಡೆಗೆ ಸರಿದಿದ್ದರೆ ಬಿಸಿಯೇರಿ ನಿಧಾನವಾಗಿ ಕರಕಲಾಗುತ್ತದೆ, ಬೆಂಕಿಯೂ ಹತ್ತಬಹುದು. ತಂತಿಗಳನ್ನು ಒಂದೊಂದಾಗಿ ಲೋಹದ ಹಲ್ಲಿಗೆ ಒತ್ತಿ, ಹಿಂದಿನಿಂದ ಮುಚ್ಚಳ ಹಾಕುವ ಬಗೆಯ ತುದಿಯನ್ನೇ ತೆಗೆದುಕೊಳ್ಳಿ. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ.

ರ‍್ಯಾಮ್ ಹಾಕಲು ಬೋರ್ಡಿನ ತಟ್ಟೆಯನ್ನು ಹೇಗೂ ಹೊರಗೆಳೆಯಲೇಬೇಕು. ದಾಖಲೆಯಲ್ಲಿ ಗರಿಷ್ಠ 8 ಜಿಬಿ ಎಂದಿದ್ದರೂ 8 ಜಿಬಿಯ ಎರಡು ಡಿಡಿಆರ್3 ಇಸಿಸಿ (ತಪ್ಪು ತಿದ್ದಿಕೊಳ್ಳುವ) ಪಟ್ಟಿ, ಒಟ್ಟು 16, ನಡೆಯುತ್ತದೆ. ಅನ್‌ಬಫರ್ಡ್ ಆಗಿರಬೇಕು, ಸರ್ವರ್‌ಗಳಿಂದ ಕಳಚಿ ಅಗ್ಗಕ್ಕೆ ಮಾರುವ ರಿಜಿಸ್ಟರ್ಡ್ ಪಟ್ಟಿಯಲ್ಲಿ ಯಂತ್ರ ಏಳುವುದಿಲ್ಲ. ತಟ್ಟೆ ಎಳೆಯುವ ಮುಂಚೆ ಡಿಸ್ಕ್ ಗೂಡಿಗೆ ಹೋಗುವ ದಪ್ಪ ಕೇಬಲ್, 24 ಪಿನ್ನಿನ ಪವರ್, ಮುಂದಿನ ಫಲಕದ ತಂತಿ, ಎಲ್ಲದರ ಒಂದು ಫೋಟೊ ತೆಗೆದುಕೊಂಡು ಬಿಚ್ಚಿ.

ಬೋರ್ಡ್ ಹೊರಗಿರುವಾಗಲೇ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಇವು 2010ರ ನಂತರದ ಮೊದಲ ವರ್ಷಗಳ ಯಂತ್ರಗಳು, ಮೂಲ ಬ್ಯಾಟರಿ ಸತ್ತಿರುತ್ತದೆ ಇಲ್ಲವೇ ಸಾಯುತ್ತಿರುತ್ತದೆ. ಅದು ಸತ್ತು ಕರೆಂಟ್ ಹೋದರೆ ಸೆಟಿಂಗ್ ಎಲ್ಲ ಡಿಫಾಲ್ಟ್‌ಗೆ ಮರಳಿ ಕಂಬೈನ್ಡ್ ಮೋಡ್ ಮತ್ತೆ ಆನ್ ಆಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಎಸ್‌ಎಸ್‌ಡಿಗಳು ನಿಧಾನವಾದರೆ ಡಿಸ್ಕ್ ಕೆಟ್ಟಿತೆಂದು ಬಿಚ್ಚುವ ಮುಂಚೆ ಬಯಾಸ್‌ನ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಕಾರಣ ಬ್ಯಾಟರಿಯೇ.